ವೀಕ್ಷಣಾಲಯದಲ್ಲಿರುವ ಮಗುವಿಗೆ ವಿಶೇಷ ಶಿಕ್ಷಣ ಕೊಡಿಸುವುದು ಹೇಗೆ?

“ಮಗನನ್ನ ವೀಕ್ಷಣಾಲಯಕ್ಕೆ ಕಳಿಸಿದ್ದಾರೆ. ಅವನಿಗೆ ಮೊದಲಿಂದಲೂ ಓದೋದು ಕಷ್ಟ. ಶಾಲೆಗೆ ಬೇರೆ ಮೇಡಂ ಬಂದು ಹೇಳಿಕೊಡ್ತಿದ್ರು. ಅಲ್ಲಿ ಯಾರು ಹೇಳಿಕೊಡ್ತಾರೆ? ಯಾರನ್ನ ಕೇಳೋದು?”

ಈ ಪ್ರಶ್ನೆ ತಂದೆ ತಾಯಂದಿರಿಂದ, ಶಾಲೆಯ ಶಿಕ್ಷಕರಿಂದ, ಒಮ್ಮೊಮ್ಮೆ ಮಗುವಿನ ಪರ ನಿಂತ ಯುವ ವಕೀಲರಿಂದಲೂ ಬರುತ್ತಲೇ ಇರುತ್ತದೆ. ಉತ್ತರ ಒಂದೇ ಕಡೆ ಸಿಗುವಂಥದ್ದಲ್ಲ. ಸ್ವಲ್ಪ ಬಾಲ ನ್ಯಾಯ ಕಾಯ್ದೆಯಲ್ಲಿದೆ, ಸ್ವಲ್ಪ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿದೆ, ಉಳಿದದ್ದು ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿದೆ. ಈ ಮೂರನ್ನೂ ಒಬ್ಬರೇ ಬಲ್ಲವರು ಕಡಿಮೆ. ಹಾಗಾಗಿ ಎಲ್ಲಿಂದ ಶುರುಮಾಡಬೇಕು, ಯಾರಿಗೆ ಬರೆಯಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಕರ್ನಾಟಕದ ಓದುಗರಿಗಾಗಿ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ವಿಶೇಷ ಶಿಕ್ಷಣ ಕೊಡಿ ಎಂದು ಕಾನೂನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅದು ತಾನಾಗಿ ಮಗುವಿನ ಬಳಿ ನಡೆದು ಬರುವುದಿಲ್ಲ, ಬಾಯಿಮಾತಿನಲ್ಲಿ ಕೇಳಿದರೂ ಬರುವುದಿಲ್ಲ. ಮಗುವಿಗೆ ಏನು ಕಷ್ಟ, ಏನು ಬೇಕು ಎಂಬುದು ಅವನ ಕಡತದಲ್ಲಿ ಬರಹವಾಗಿ ಸೇರಬೇಕು. ಅದೂ ಬೇಗ ಸೇರಬೇಕು. ಮುಂದೆ ಬರುವ ಹಂತಗಳೆಲ್ಲ ಈ ಒಂದು ಕೆಲಸಕ್ಕಾಗಿಯೇ.

ಪದೇ ಪದೇ ಕಿವಿಗೆ ಬೀಳುವ ಕೆಲವು ಮಾತುಗಳು

ಬಾಲ ನ್ಯಾಯ ಮಂಡಳಿ: 18 ವರ್ಷ ತುಂಬುವ ಮೊದಲು ಅಪರಾಧ ಮಾಡಿದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಪೀಠ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಆಗಿರಬೇಕು.

ವೀಕ್ಷಣಾಲಯ: ವಿಚಾರಣೆ ನಡೆಯುವಾಗ ಮಗುವನ್ನು ಇರಿಸುವ ಮನೆ. ಹಳಬರು ಇಂದಿಗೂ ರಿಮ್ಯಾಂಡ್ ಹೋಮ್ ಎನ್ನುತ್ತಾರೆ. ತಪ್ಪು ಸಾಬೀತಾದ ಮೇಲೆ ಮಂಡಳಿ ಕಳಿಸುವುದು ವಿಶೇಷ ಗೃಹಕ್ಕೆ, ಅದೂ ಹೆಚ್ಚೆಂದರೆ ಮೂರು ವರ್ಷಕ್ಕೆ. ಗಂಭೀರ ಪ್ರಕರಣದ ದೊಡ್ಡ ಮಕ್ಕಳನ್ನು ಇರಿಸುವ ಜಾಗಕ್ಕೆ ಸುರಕ್ಷತಾ ಸ್ಥಳ ಎಂದು ಹೆಸರು. ಈ ಲೇಖನದಲ್ಲಿ ಹೇಳಿರುವ ಶಿಕ್ಷಣದ ಹಕ್ಕು ಮೂರೂ ಕಡೆ ಅನ್ವಯಿಸುತ್ತದೆ.

ಪರಿವೀಕ್ಷಣಾಧಿಕಾರಿ: ಮಗುವಿನ ಮನೆ, ಶಾಲೆ, ಸಹವಾಸ ಎಲ್ಲವನ್ನೂ ವಿಚಾರಿಸಿ ಮಂಡಳಿಗೆ ವರದಿ ಕೊಡುವವರು. ಕಚೇರಿಗಳಲ್ಲಿ ಪ್ರೊಬೇಷನ್ ಆಫೀಸರ್ ಎಂದೇ ಕರೆಯುತ್ತಾರೆ. ಅವರು ಕೊಡುವುದು ಸಾಮಾಜಿಕ ತನಿಖಾ ವರದಿ.

ವೈಯಕ್ತಿಕ ಪಾಲನಾ ಯೋಜನೆ: ಒಳಗಿರುವಷ್ಟು ದಿನ ಈ ಮಗುವಿಗೆ ಯಾವ ಚಿಕಿತ್ಸೆ, ಯಾವ ಶಿಕ್ಷಣ, ಯಾವ ತರಬೇತಿ ಎಂದು ಬರೆದಿಡುವ ಯೋಜನೆ. ಐಸಿಪಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಕಾನೂನಿನ ಬಲ ಎಲ್ಲಿದೆ?

ಅಧಿಕಾರಿಗಳ ಮುಂದೆ ನಿಂತಾಗ ಎರಡು ಕಲಮುಗಳ ಸಂಖ್ಯೆ ನಿಮ್ಮ ನಾಲಿಗೆ ತುದಿಯಲ್ಲಿರಲಿ. ಮೊದಲನೆಯದು ಬಾಲ ನ್ಯಾಯ ಕಾಯ್ದೆ, 2015ರ ಕಲಂ 53. ನೋಂದಾಯಿತ ಮಕ್ಕಳ ಸಂಸ್ಥೆಗಳು ಏನೇನು ಸೇವೆ ಕೊಡಬೇಕು ಎಂಬ ಪಟ್ಟಿ ಅಲ್ಲಿದೆ. ಆ ಪಟ್ಟಿಯಲ್ಲಿ ವಿಶೇಷ ಶಿಕ್ಷಣದ ಹೆಸರೇ ಇದೆ. ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್ ಕಿಟ್‌ನಂಥ ಸಲಕರಣೆಗಳೂ ಇವೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅಲ್ಲೂ ಅನ್ವಯಿಸುತ್ತದೆ ಎಂದೂ ಬರೆದಿದೆ. ಕೇಂದ್ರ ಸರ್ಕಾರದ 2016ರ ಮಾದರಿ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ: ಕಲಿಕೆಯ ತೊಂದರೆಗಳನ್ನು ಗುರುತಿಸಿ, ಪರೀಕ್ಷಿಸಿ, ವೈಯಕ್ತಿಕ ಪಾಲನಾ ಯೋಜನೆಯಲ್ಲಿ ನಮೂದಿಸಬೇಕು, ತರಬೇತಿ ಪಡೆದವರಿಂದ ನೆರವು ಕೊಡಿಸಬೇಕು.

ಎರಡನೆಯದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 31. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕು ಕೊಡುವ ಕಲಂ ಇದು. ಈ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕಣ್ಣು, ಕಿವಿ, ಕೈಕಾಲುಗಳ ತೊಂದರೆಯ ಜೊತೆಗೆ ಬೌದ್ಧಿಕ ವೈಕಲ್ಯ, ಆಟಿಸಂ, ಮಾನಸಿಕ ಅಸ್ವಸ್ಥತೆ, ಡಿಸ್ಲೆಕ್ಸಿಯಾದಂಥ (ಓದು ಬರಹ ಕಷ್ಟವಾಗುವ ತೊಂದರೆ) ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಅದರಲ್ಲಿ ಸೇರಿವೆ. ನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುವುದು ಈ ಕೊನೆಯ ಗುಂಪೇ. ಓದಲಾಗದ ಹುಡುಗ ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡಿರುತ್ತಾನೆ, ಆಮೇಲೆ ಶಾಲೆ ತಪ್ಪಿಸುತ್ತಾನೆ, ಕಡತಕ್ಕೆ ಬರುವಾಗ ‘ವಿದ್ಯಾಭ್ಯಾಸದಲ್ಲಿ ಆಸಕ್ತಿ ಇಲ್ಲ’ ಎಂಬ ಒಂದು ಸಾಲಾಗಿರುತ್ತಾನೆ. ಆ ಒಂದು ಸಾಲನ್ನು ಬದಲಿಸುವುದು ನಿಮ್ಮ ಮೊದಲ ಗುರಿಯಾಗಲಿ.

ಹಂತ 1: ಮೊದಲ ವಾರದಲ್ಲೇ ಕಾಗದ ಒಟ್ಟುಮಾಡಿ

ಮನೆಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಏನಿದೆಯೋ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ. ಮುಖ್ಯವಾಗಿ ಬೇಕಾದವು:

– ಹಳೆಯ ಅಂಕಪಟ್ಟಿಗಳು ಮತ್ತು ಶಾಲೆಯ ಸ್ಯಾಟ್ಸ್ ಸಂಖ್ಯೆ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಇರುವ ಈ ಸಂಖ್ಯೆಯಿಂದ ಅವನ ಶಾಲಾ ದಾಖಲೆ ಸಿಗುತ್ತದೆ.
– ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಇದ್ದರೆ ಅದರ ಪ್ರತಿ.
– ವೈದ್ಯರ ಚೀಟಿಗಳು, ಬುದ್ಧಿಮತ್ತೆ ಅಥವಾ ಕಲಿಕಾ ಪರೀಕ್ಷೆಯ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ವಿವರ.
– ಮಗುವಿನ ಒಂದೆರಡು ನೋಟ್‌ಬುಕ್.

ನೋಟ್‌ಬುಕ್ ಏಕೆ ಎಂದು ಹಲವರು ಕೇಳುತ್ತಾರೆ. ಯಾವ ಪ್ರಮಾಣಪತ್ರವೂ ಇಲ್ಲದ ಮಗುವಿಗೆ ಅದೇ ದೊಡ್ಡ ಸಾಕ್ಷಿ. ಒಂಬತ್ತನೇ ತರಗತಿಯ ಹುಡುಗ ಒತ್ತಕ್ಷರ ಬಿಟ್ಟು ಬರೆದದ್ದು, ಬೋರ್ಡಿನಿಂದ ಅರ್ಧ ಸಾಲು ಮಾತ್ರ ಇಳಿಸಿಕೊಂಡದ್ದು, ಲೆಕ್ಕದಲ್ಲಿ 14 ಅನ್ನು 41 ಎಂದು ಬರೆದದ್ದು ಎಲ್ಲವೂ ಅಲ್ಲಿರುತ್ತವೆ. ತಜ್ಞರು ಅದನ್ನು ನೋಡಿದ ತಕ್ಷಣ ಯಾವ ಪರೀಕ್ಷೆ ಮಾಡಬೇಕೆಂದು ಅಂದಾಜಿಸುತ್ತಾರೆ.

ಶಾಲೆಯಲ್ಲಿ ದಾಖಲೆ ಕೇಳುವಾಗ ಕಾರಣ ಹೇಳಲೇಬೇಕಿಲ್ಲ. ‘ವೈದ್ಯಕೀಯ ಪರೀಕ್ಷೆಗೆ ಬೇಕು’ ಎಂದರೆ ಸಾಕು, ಅದು ನಿಜವೂ ಹೌದು. ಮಗುವಿನ ಗುರುತು ಬಯಲಾಗುವಂಥ ವಿವರ ಪ್ರಕಟಿಸುವುದನ್ನು ಬಾಲ ನ್ಯಾಯ ಕಾಯ್ದೆಯ ಕಲಂ 74 ನಿಷೇಧಿಸುತ್ತದೆ. 6 ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಸಹಾಯ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೂ ಮಗುವಿನ ಹೆಸರು, ಫೋಟೊ, ಪ್ರಕರಣದ ಸಂಖ್ಯೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಕನ್ನಡಕ, ಶ್ರವಣ ಸಾಧನ, ದಿನನಿತ್ಯದ ಮಾತ್ರೆ ಇವುಗಳಿಗೆ ಯಾವ ಹಂತಕ್ಕೂ ಕಾಯಬೇಡಿ. ಮೊದಲ ಭೇಟಿಯಲ್ಲೇ ವೀಕ್ಷಣಾಲಯದ ಮುಖ್ಯಸ್ಥರಾದ ಅಧೀಕ್ಷಕರ ಕೈಗೆ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಪಡೆಯಿರಿ. ಮೂಲ ದಾಖಲೆಗಳನ್ನು ಮಾತ್ರ ಯಾರಿಗೂ ಕೊಟ್ಟು ಬರಬೇಡಿ, ಪ್ರತಿ ಕೊಟ್ಟರೆ ಸಾಕು.

ಹಂತ 2: ಕಾಗದ ಕೊಡುವ ಮೊದಲು ವಕೀಲರಿಗೆ ತೋರಿಸಿ

ಪ್ರತಿ ಮಗುವಿಗೂ ಉಚಿತ ಕಾನೂನು ನೆರವು ಸಿಗುತ್ತದೆ, ಮನೆಯ ಆದಾಯ ಎಷ್ಟಿದ್ದರೂ ಸರಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಶಿಕ್ಷಣದ ವಿಷಯಕ್ಕೆ ವಕೀಲರು ಯಾಕೆ ಅಂದುಕೊಳ್ಳಬೇಡಿ. ಮಗುವಿಗೆ 16 ತುಂಬಿದ್ದು, ಆರೋಪ ಘೋರ ಅಪರಾಧದ್ದಾಗಿದ್ದರೆ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದಾಗಿದ್ದರೆ, ಮಂಡಳಿ ಕಲಂ 15ರಡಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಅಪರಾಧ ಎಸಗುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮ ಅರ್ಥವಾಗಿತ್ತೇ ಎಂದು ನೋಡಿ, ದೊಡ್ಡವರಂತೆ ವಿಚಾರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಹಂತ ಅದು. ಕಲಿಕಾ ನ್ಯೂನತೆ ಅಥವಾ ಬೌದ್ಧಿಕ ವೈಕಲ್ಯದ ವರದಿ ಇಲ್ಲಿ ಬಹಳ ತೂಕದ ದಾಖಲೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮಕ್ಕಳ ಮನೋವೈದ್ಯದ ಪದವಿ ಇರುವ ವೃತ್ತಿಪರರು ಇಲ್ಲದಿದ್ದರೆ ಈ ಹಂತದಲ್ಲಿ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾವ ವರದಿ, ಯಾವಾಗ, ಯಾವ ಮಾತಿನೊಂದಿಗೆ ಮಂಡಳಿಗೆ ಹೋಗಬೇಕೆಂಬುದನ್ನು ವಕೀಲರೇ ನಿರ್ಧರಿಸಲಿ.

ಜಾಮೀನಿನ ಬಗ್ಗೆಯೂ ಒಂದು ಮಾತು. “ಅಲ್ಲೇ ಇದ್ದರೆ ಊಟ, ಪಾಠ ಆದರೂ ಸಿಗುತ್ತೆ, ಇರಲಿ ಬಿಡಿ” ಎಂದು ಸುಸ್ತಾದ ಪೋಷಕರು ಹೇಳುವುದುಂಟು. ದಯವಿಟ್ಟು ಹಾಗೆ ಯೋಚಿಸಬೇಡಿ. ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಎನ್ನುವುದು ಈ ಕಾಯ್ದೆಯ ಮೂಲತತ್ವ. ವಿಶೇಷ ಶಿಕ್ಷಣ ಹೊರಗೂ ಸಿಗುತ್ತದೆ, ಒಳಗಿಗಿಂತ ಚೆನ್ನಾಗಿಯೇ ಸಿಗುತ್ತದೆ. ಜಾಮೀನು ಸಿಕ್ಕಿಯೂ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿ ಮುಂದೆ ತರಬೇಕೆಂದು ಕಲಂ 12 ಹೇಳುತ್ತದೆ. ಶ್ಯೂರಿಟಿ ಸಿಗದೆ ಒದ್ದಾಡುತ್ತಿದ್ದರೆ ಇದನ್ನು ವಕೀಲರಿಗೆ ನೆನಪಿಸಿ.

ಹಂತ 3: ಹದಿನೈದು ದಿನದ ವರದಿಯಲ್ಲಿ ಮಗುವಿನ ಕಷ್ಟ ಬರೆಸಿ

ಇಡೀ ಪ್ರಕ್ರಿಯೆಯಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವ ಹಂತ ಇದು. ಮಗುವನ್ನು ಮೊದಲ ಸಲ ಮಂಡಳಿ ಮುಂದೆ ತಂದ ದಿನದಿಂದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಈ ವರದಿಯನ್ನೇ ಆಧರಿಸುತ್ತವೆ. ಆ ಅಧಿಕಾರಿಯ ಮೇಲೆ ಹತ್ತಾರು ಪ್ರಕರಣಗಳ ಭಾರ ಇರಬಹುದು. ನೀವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ.

ಅವರು ಮನೆಗೆ ಬರುವವರೆಗೆ ಕಾಯದೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ನೀವೇ ಭೇಟಿ ಮಾಡಿ. ಹೇಳುವುದನ್ನು ಒಂದು ಪುಟದಲ್ಲಿ ಬರೆದುಕೊಂಡೇ ಹೋಗಿ. ‘ನಮ್ಮ ಹುಡುಗ ಸ್ವಲ್ಪ ನಿಧಾನ’ ಎಂದರೆ ವರದಿಯಲ್ಲಿ ಅದು ಹಾಗೇ ಉಳಿಯುತ್ತದೆ, ಯಾರಿಗೂ ಅದರಿಂದ ಏನೂ ಮಾಡಲಾಗದು. ಬದಲಿಗೆ ಹೀಗೆ ಹೇಳಿ:

“ಒಂಬತ್ತನೇ ತರಗತಿಯಲ್ಲಿದ್ದಾನೆ, ಎರಡನೇ ತರಗತಿಯ ಕನ್ನಡ ಪಾಠ ಓದಲು ತಡವರಿಸುತ್ತಾನೆ. ಕೇಳಿಸಿಕೊಂಡರೆ ಅರ್ಥವಾಗುತ್ತದೆ, ಬಾಯಲ್ಲಿ ಉತ್ತರ ಹೇಳುತ್ತಾನೆ, ಬರೆಯಲು ಕೊಟ್ಟರೆ ಹಾಳೆ ಖಾಲಿ ಬಿಡುತ್ತಾನೆ. ಎರಡು ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ನೆನಪಿರುತ್ತದೆ. ಜೋರಾಗಿ ಗದರಿದರೆ ‘ಹೂಂ’ ಎಂದುಬಿಡುತ್ತಾನೆ, ಅರ್ಥವಾಗಿರುವುದಿಲ್ಲ. ಆರನೇ ತರಗತಿಯಲ್ಲಿ ಸಂಪನ್ಮೂಲ ಶಿಕ್ಷಕರು ಬಂದು ಕಲಿಸುತ್ತಿದ್ದರು, ಆಗ ಸ್ವಲ್ಪ ಸುಧಾರಿಸಿದ್ದ.”

ಕೊನೆಯ ಎರಡು ಮಾತುಗಳನ್ನು ಬಿಡಲೇಬೇಡಿ. ಅರ್ಥವಾಗದೆಯೇ ‘ಹೂಂ’ ಎನ್ನುವ ಮಗು ವಿಚಾರಣೆಯಲ್ಲೂ ಹಾಗೆಯೇ ಮಾಡುತ್ತದೆ, ಓದಲಾಗದ ಹೇಳಿಕೆಗೆ ಸಹಿ ಹಾಕುತ್ತದೆ. ಹಾಗೆಯೇ, ಯಾವ ರೀತಿ ಕಲಿಸಿದರೆ ಕಲಿಯುತ್ತಾನೆ ಎನ್ನುವ ಮಾಹಿತಿ ಇದ್ದರೆ ಒಳಗಿನ ಶಿಕ್ಷಕರು ಮೊದಲಿನಿಂದ ತಡಕಾಡಬೇಕಿಲ್ಲ.

ನೀವು ಬರೆದುಕೊಟ್ಟ ಪುಟದ ಇನ್ನೊಂದು ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂಬ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಈ ವರದಿಗಳು ಗೌಪ್ಯ. ಆದರೂ ವರದಿಯ ಸಾರಾಂಶವನ್ನು ಮಗುವಿಗೆ ಅಥವಾ ಪೋಷಕರಿಗೆ ತಿಳಿಸಲು, ಅದಕ್ಕೆ ಪೂರಕವಾದ ಸಾಕ್ಷ್ಯ ಒದಗಿಸಲು ಅವಕಾಶ ಕೊಡಲು ಕಲಂ 99ರಲ್ಲಿ ಮಂಡಳಿಗೆ ಅಧಿಕಾರ ಇದೆ. ವರದಿಯಲ್ಲಿ ಮಗುವಿನ ಕಲಿಕೆಯ ತೊಂದರೆ ಬಂದಿದೆಯೇ ಎಂದು ವಕೀಲರ ಮೂಲಕ ಕೇಳಿಸಿ.

ಹಂತ 4: ಮಂಡಳಿಗೆ ಅರ್ಜಿ ಕೊಡಿ

ಅಧೀಕ್ಷಕರಿಗೆ ಪತ್ರ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದನ್ನೂ ಬರೆಯಿರಿ. ಆದರೆ ಅಧೀಕ್ಷಕರು ಬೇರೆ ಇಲಾಖೆಯ ವಿಶೇಷ ಶಿಕ್ಷಕರನ್ನು ಕರೆಸಬೇಕು, ಮಗುವನ್ನು ಆಸ್ಪತ್ರೆಗೆ ಕಳಿಸಬೇಕು, ಬೆಂಗಾವಲು ಕೇಳಬೇಕು. ಮಂಡಳಿಯ ಆದೇಶ ಕೈಯಲ್ಲಿದ್ದರೆ ಅವರ ಕೆಲಸವೂ ಹಗುರ. ಅರ್ಜಿ ಒಂದು ಪುಟ ದಾಟದಿರಲಿ. ಒಕ್ಕಣೆ ಹೀಗಿರಬಹುದು:

“ಮಾನ್ಯ ಬಾಲ ನ್ಯಾಯ ಮಂಡಳಿಯವರಿಗೆ,
ನನ್ನ ಮಗ ತಮ್ಮ ಆದೇಶದಂತೆ ಸದ್ಯ ಸರ್ಕಾರಿ ವೀಕ್ಷಣಾಲಯದಲ್ಲಿದ್ದಾನೆ. ಅವನಿಗೆ ಓದು ಬರಹದಲ್ಲಿ ತೀವ್ರ ತೊಂದರೆ ಇದೆ. ಶಾಲೆಯ ದಾಖಲೆ, ನೋಟ್‌ಬುಕ್ ಪ್ರತಿಗಳನ್ನು ಲಗತ್ತಿಸಿದ್ದೇನೆ. ಬಾಲ ನ್ಯಾಯ ಕಾಯ್ದೆ, 2015ರ ಕಲಂ 53ರ ಅನ್ವಯ ಈ ಕೆಳಗಿನಂತೆ ಆದೇಶಿಸಬೇಕೆಂದು ಕೋರುತ್ತೇನೆ.
ಒಂದು, ನಿಗದಿತ ದಿನಾಂಕದೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸೂಕ್ತ ಸಂಸ್ಥೆಯಲ್ಲಿ ಅವನ ಕಲಿಕಾ ಸಾಮರ್ಥ್ಯದ ಪರೀಕ್ಷೆ ಮಾಡಿಸುವುದು.
ಎರಡು, ವರದಿ ಬರುವವರೆಗೂ ಕಾಯದೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೂಲಕ ವಿಶೇಷ ಶಿಕ್ಷಕರ ಬೋಧನೆ ಆರಂಭಿಸುವುದು.
ಮೂರು, ಈ ಅಗತ್ಯಗಳನ್ನು ಅವನ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ನಮೂದಿಸಿ, ಮುಂದಿನ ವಿಚಾರಣೆಯ ದಿನ ಪ್ರಗತಿ ತಿಳಿಸುವುದು.
ನಾಲ್ಕು, ವಿಚಾರಣೆಯ ವೇಳೆ ಅವನಿಗೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ವಿವರಿಸಿ, ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.”

ದಿನಾಂಕ ಇಲ್ಲದ ಆದೇಶ ತುಂಬ ಸಲ ಕಡತದಲ್ಲೇ ಮಲಗಿಬಿಡುತ್ತದೆ. ಅದಕ್ಕಾಗಿಯೇ ಮೊದಲ ಕೋರಿಕೆಯಲ್ಲಿ ‘ನಿಗದಿತ ದಿನಾಂಕದೊಳಗೆ’, ಮೂರನೆಯದರಲ್ಲಿ ‘ಮುಂದಿನ ವಿಚಾರಣೆಯ ದಿನ’ ಎಂಬ ಮಾತುಗಳಿವೆ. ಕಿವಿ ಕೇಳಿಸದ ಮಗುವಾದರೆ ಸಂಜ್ಞಾ ಭಾಷೆಯ ದುಭಾಷಿಯನ್ನೂ ಕೇಳಿ. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಆಡುವ ಮಗುವಿಗೆ ಕಚೇರಿಯ ಕನ್ನಡ ಅರ್ಥವಾಗದಿದ್ದರೂ ದುಭಾಷಿಯನ್ನು ಒದಗಿಸುವುದು ಕಲಂ 8ರ ಪ್ರಕಾರ ಮಂಡಳಿಯ ಹೊಣೆ.

ಹಂತ 5: ಪರೀಕ್ಷೆ ಮತ್ತು ಪ್ರಮಾಣಪತ್ರ

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಿ. ಮಗುವಿಗೆ ಏನು ಕಷ್ಟ ಎಂದು ತಿಳಿಯುವ ಪರೀಕ್ಷೆ ಒಂದು. ಸರ್ಕಾರಿ ಸೌಲಭ್ಯಕ್ಕೆ ಬೇಕಾದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಇನ್ನೊಂದು. ಎರಡನೆಯದು ತಡವಾಗಬಹುದು. ಅದಕ್ಕಾಗಿ ಮೊದಲನೆಯದನ್ನಾಗಲಿ, ಪಾಠವನ್ನಾಗಲಿ ನಿಲ್ಲಿಸಬಾರದು.

“ಕಾರ್ಡ್ ತನ್ನಿ, ಆಮೇಲೆ ನೋಡೋಣ” ಎಂಬ ಉತ್ತರ ನಿಮಗೆ ಬಹುತೇಕ ಸಿಕ್ಕೇ ಸಿಗುತ್ತದೆ. ಕಲಂ 53ರಲ್ಲಿ ಕಾರ್ಡಿನ ಷರತ್ತೂ ಇಲ್ಲ, ಶೇ 40ರ ಷರತ್ತೂ ಇಲ್ಲ. ವಿಶೇಷ ಅಗತ್ಯವುಳ್ಳ ಮಗು ಎಂದಷ್ಟೇ ಇದೆ. ಶೇ 40 ಬೇಕಾಗುವುದು ಕಲಂ 31ರಂಥ ಕೆಲವು ನಿರ್ದಿಷ್ಟ ಸೌಲಭ್ಯಗಳಿಗೆ ಮಾತ್ರ. ಶಾಲಾ ಪರೀಕ್ಷೆಯಂಥ ಪರೀಕ್ಷೆಗಳಲ್ಲಿ ಲಿಪಿಕಾರರ, ಅಂದರೆ ಹೇಳಿದ ಉತ್ತರವನ್ನು ಬರೆದುಕೊಡುವವರ, ನೆರವನ್ನು ಶೇ 40 ದಾಟಿದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಈ ವಾದವನ್ನು ಮೆತ್ತಗೆ, ಆದರೆ ಲಿಖಿತವಾಗಿ ಮುಂದಿಡಿ.

ಎಲ್ಲಿ ಪರೀಕ್ಷೆ? ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಡಿಇಐಸಿ ಎಂಬ ಕೇಂದ್ರವನ್ನು ಅಲ್ಲಿ ಕೇಳಿ, ಮನೋವೈದ್ಯರನ್ನೂ ಕಾಣಿ. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮನಸ್ಸು ಮತ್ತು ಕಲಿಕೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಕಲಿಕಾ ನ್ಯೂನತೆ ಅಳೆಯಲು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿದ್ದು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನೇ; 2024ರಲ್ಲಿ ಅದರ ಬದಲು ಪರಿಷ್ಕೃತ ಮಾರ್ಗಸೂಚಿ ಬಂದಿದೆ. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14 ಮತ್ತು 18ರಲ್ಲಿ ಮರುಪರೀಕ್ಷೆ ಎಂದಿತ್ತು; ಈಗಿನ ನಿಯಮವನ್ನು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಹಾಗಾಗಿ ಹತ್ತನೇ ವಯಸ್ಸಿನ ಪ್ರಮಾಣಪತ್ರ ಹಿಡಿದು ಹದಿನಾರರ ಹುಡುಗನಿಗೆ ಸೌಲಭ್ಯ ಕೇಳಿದರೆ ತಕರಾರು ಬರಬಹುದು, ಮೊದಲೇ ನೋಡಿಕೊಳ್ಳಿ.

ಚಂಚಲತೆ, ಗಮನ ನಿಲ್ಲದಿರುವ ತೊಂದರೆ, ಅಂದರೆ ಎಡಿಎಚ್‌ಡಿ ಇರುವ ಮಕ್ಕಳ ಪೋಷಕರಿಗೆ ಒಂದು ಸೂಚನೆ: 21 ವೈಕಲ್ಯಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲ. ಅದರ ಜೊತೆಗೆ ಕಲಿಕಾ ನ್ಯೂನತೆಯೂ ಇದೆಯೇ ಎಂದು ಪರೀಕ್ಷಿಸುವಂತೆ ತಜ್ಞರನ್ನು ಕೇಳಿ.

ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದನ್ನು ಮಾಡಿಕೊಡಬಲ್ಲರು. ಆಧಾರ್‌ನಂಥ ಗುರುತಿನ ದಾಖಲೆ ಇಲ್ಲದಿದ್ದರೆ ಅದನ್ನು ಮಾಡಿಸಲು ನೆರವಾಗುವುದೂ ಕಲಂ 53ರಡಿ ಸಂಸ್ಥೆಯ ಕೆಲಸ.

ಹಂತ 6: ಪಾಲನಾ ಯೋಜನೆಯಲ್ಲಿ ಏನು ಬರೆದಿದ್ದಾರೆ ಎಂದು ನೋಡಿ

ಮಾದರಿ ನಿಯಮಗಳ ನಮೂನೆ 7 ಈ ಯೋಜನೆಯದು. ಅದರ ಎರಡನೇ ಭಾಗ ಪ್ರಗತಿ ವರದಿ: ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ತುಂಬಬೇಕು. ಈ ಅವಧಿ ನಿಮಗೆ ಗೊತ್ತಿದ್ದರೆ “ಈ ಹದಿನೈದು ದಿನದ ಪ್ರಗತಿ ಏನಿದೆ ಸರ್?” ಎಂದು ಕೇಳಬಹುದು.

‘ಶಿಕ್ಷಣ ನೀಡಲಾಗುವುದು’ ಎಂಬ ಒಂದು ಸಾಲನ್ನು ಒಪ್ಪಬೇಡಿ. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಈಗ ಮಗು ಯಾವ ಮಟ್ಟದಲ್ಲಿದೆ, ಮುಂದಿನ ತಿಂಗಳಿಗೆ ಏನನ್ನು ಕಲಿಯಬೇಕು ಎಂಬುದು ಇರಲಿ. ‘ಕಾಗುಣಿತ ಪೂರ್ತಿ ಗುರುತಿಸುತ್ತಾನೆ, ಒತ್ತಕ್ಷರ ಬರುವುದಿಲ್ಲ, ತಿಂಗಳೊಳಗೆ ಸರಳ ಒತ್ತಕ್ಷರದ ಪದಗಳನ್ನು ಓದುವುದು’ ಎಂದು ಬರೆದರೆ ಅದು ಯೋಜನೆ. ಮಗುವಿನ ಮಾತನ್ನೂ ಅದರಲ್ಲಿ ಸೇರಿಸಲು ಕೇಳಿ. ಹದಿನೇಳರ ಹುಡುಗನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಜೊತೆಯವರ ಮುಂದೆ ಅವನಿಗೆ ಅವಮಾನವಾಗುತ್ತದೆ, ಮರುದಿನದಿಂದ ತರಗತಿಗೇ ಬರುವುದಿಲ್ಲ. ಮೊಬೈಲ್ ರಿಪೇರಿ, ವಾಹನ ಚಾಲನಾ ಪರವಾನಗಿಯ ಪ್ರಶ್ನೆಗಳು, ಕ್ರಿಕೆಟ್ ಸುದ್ದಿ ಹೀಗೆ ಅವನಿಗೆ ಇಷ್ಟವಾದದ್ದರಿಂದಲೇ ಓದು ಶುರುವಾಗಬಹುದು.

ಭೇಟಿಗೆ ಹೋದಾಗಲೆಲ್ಲ ಮಗುವನ್ನು ನೇರವಾಗಿ ಕೇಳಿ: ಈ ವಾರ ಪಾಠ ನಡೆಯಿತಾ, ಯಾರು ಬಂದಿದ್ದರು, ಏನು ಓದಿದೆ? ಸಂಸ್ಥೆಗಳಲ್ಲಿ ಮಕ್ಕಳ ಸಲಹಾ ಪೆಟ್ಟಿಗೆ ಇರಬೇಕೆಂಬ ನಿಯಮವಿದೆ, ಸರಿ. ಆದರೆ ಬರೆಯಲು ಬಾರದ ಮಗು ಅದರಲ್ಲಿ ಏನು ಹಾಕೀತು? ಅವನ ಪರವಾಗಿ ಬರೆಯುವವರು ನೀವೇ.

ಹಂತ 7: ಕಲಿಸುವವರು ಯಾರು, ಪರೀಕ್ಷೆ ಯಾವುದು?

ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ ವಿಭಾಗದಲ್ಲಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇವರನ್ನು ಬಿಐಇಆರ್‌ಟಿ ಎನ್ನುತ್ತಾರೆ, ಕೆಲಸ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಚೇರಿಯಿಂದ. ವೀಕ್ಷಣಾಲಯ ಇರುವ ಬ್ಲಾಕ್‌ನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅಧೀಕ್ಷಕರಿಂದ ಪತ್ರ ಹೋಗಲಿ. ಮಂಡಳಿಯ ಆದೇಶದ ಪ್ರತಿ ಜೊತೆಗಿರಲಿ. ನಿಮ್ಮ ಊರಿನ ಬ್ಲಾಕ್‌ಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವ ತಪ್ಪು ತುಂಬ ಜನರಿಂದ ಆಗುತ್ತದೆ.

ಸ್ವಯಂಸೇವಾ ಸಂಸ್ಥೆಯಿಂದ ಶಿಕ್ಷಕರು ಬರುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸಿ. ಪ್ರೀತಿಯಿಂದ ಕಲಿಸುವ ಸ್ವಯಂಸೇವಕರೂ ಬೇಕು; ಆದರೆ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅದೇ ಪಾಠವನ್ನು ಹತ್ತು ಸಲ ಬರೆಸಿದರೆ ಪ್ರಯೋಜನವಿಲ್ಲ, ವಿಧಾನವೇ ಬೇರೆ ಬೇಕು.

ಎಸ್ಸೆಸ್ಸೆಲ್ಸಿ ವರ್ಷದಲ್ಲಿದ್ದರೆ ಇಂದೇ ಮುಖ್ಯೋಪಾಧ್ಯಾಯರನ್ನು ಕಂಡು ನೋಂದಣಿ ಆಗಿದೆಯೇ, ರಿಯಾಯಿತಿಗೆ ಅರ್ಜಿ ಹೋಗಿದೆಯೇ ನೋಡಿ. ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 17ರಲ್ಲಿವೆ, ಆದರೆ ಪರೀಕ್ಷೆಗೆ ಮೊದಲೇ ಮಂಡಳಿಯ ಒಪ್ಪಿಗೆ ಪಡೆದಿರಬೇಕು; ಇಲ್ಲಿ ಮಂಡಳಿ ಎಂದರೆ ಪರೀಕ್ಷಾ ಮಂಡಳಿ. ಪರೀಕ್ಷೆ ಬರೆಯಲು ಹೊರಗೆ ಬಿಡುತ್ತಾರೆಯೇ ಎಂಬ ಆತಂಕ ಬೇಡ. ಪರೀಕ್ಷೆಯಂಥ ಸಂದರ್ಭಕ್ಕೆ, ಮೇಲ್ವಿಚಾರಣೆಯಲ್ಲಿ, ಸಾಮಾನ್ಯವಾಗಿ ಏಳು ದಿನ ಮೀರದಂತೆ ರಜೆ ಕೊಡಲು ಬಾಲ ನ್ಯಾಯ ಕಾಯ್ದೆಯ ಕಲಂ 98 ಬಾಲ ನ್ಯಾಯ ಮಂಡಳಿಗೆ ಅಧಿಕಾರ ಕೊಟ್ಟಿದೆ. ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಏಳು ದಿನಕ್ಕಿಂತ ಹೆಚ್ಚು ಕಾಲ ಹರಡಿರುತ್ತದೆ, ಆದ್ದರಿಂದ ವೇಳಾಪಟ್ಟಿ ಲಗತ್ತಿಸಿ ಪ್ರತಿ ಪರೀಕ್ಷೆಯ ದಿನಕ್ಕೂ ಅನುಮತಿ ಕೋರಿ.

ಶಾಲೆ ಬಿಟ್ಟು ವರ್ಷಗಳಾದ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಒಳ್ಳೆಯ ದಾರಿ. 14 ತುಂಬಿದ್ದರೆ ಹತ್ತನೇ ತರಗತಿಗೆ ಸಮನಾದ ಹಂತಕ್ಕೆ ಸೇರಬಹುದು. ನೋಂದಣಿ ಐದು ವರ್ಷ ಉಳಿಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶಗಳಿವೆ. ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು. ಮಗು ಒಳಗಿನಿಂದ ಹೊರಗೆ ಬಂದರೂ ನೋಂದಣಿ ಹಾಗೇ ಮುಂದುವರಿಯುತ್ತದೆ ಎನ್ನುವುದೇ ಇದರ ದೊಡ್ಡ ಅನುಕೂಲ.

ಹಂತ 8: ಆದೇಶವಾಗಿಯೂ ಏನೂ ಆಗದಿದ್ದರೆ

ಮೊದಲು ಅಧೀಕ್ಷಕರಿಗೆ ಲಿಖಿತ ನೆನಪೋಲೆ, ಅದರ ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ. ಪ್ರತಿ ಸಂಸ್ಥೆಯಲ್ಲೂ ನಿರ್ವಹಣಾ ಸಮಿತಿ ಇರಬೇಕು, ಅದರ ಸಭೆಯ ಮುಂದಿಡಲು ಕೇಳಿ. ಬಾಲ ನ್ಯಾಯ ಮಂಡಳಿ ತಿಂಗಳಿಗೊಮ್ಮೆಯಾದರೂ ಸಂಸ್ಥೆಗೆ ಭೇಟಿ ಕೊಡಬೇಕು. ಆ ಭೇಟಿಯಲ್ಲಿ ನಿಮ್ಮ ಮಗುವಿನ ಪಾಠದ ಬಗ್ಗೆ ವಿಚಾರಿಸುವಂತೆ ವಕೀಲರಿಂದ ಒಂದು ಮೆಮೊ ಹಾಕಿಸಿ.

ಅಲ್ಲೂ ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಹಾಗೂ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿಯ ರಾಜ್ಯ ಆಯುಕ್ತರು ಇದ್ದಾರೆ. ಮಂಡಳಿಯೇ ಅರ್ಜಿ ತಿರಸ್ಕರಿಸಿದರೆ 30 ದಿನದೊಳಗೆ ಮಂಡಳಿಗಿಂತ ಮೇಲಿನ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು, ಬಾಲ ನ್ಯಾಯ ಕಾಯ್ದೆಯ ಕಲಂ 101. ದೂರು ಬರೆಯುವಾಗ ಸಿಬ್ಬಂದಿಯ ಮೇಲೆ ಹರಿಹಾಯಬೇಡಿ. ಯಾವ ದಿನ ಏನು ಕೇಳಿದಿರಿ, ಏನು ಉತ್ತರ ಬಂತು ಎಂಬ ಪಟ್ಟಿ ಸಾಕು. ಮಗು ರಾತ್ರಿ ಹಗಲು ಅವರ ನಡುವೆಯೇ ಇರುತ್ತದೆ ಎಂಬುದು ನೆನಪಿರಲಿ. ಆದರೆ ಮಗುವಿಗೆ ಹೊಡೆತ, ಹಿಂಸೆ ಆಗುತ್ತಿದ್ದರೆ ಯಾವ ಕ್ರಮವನ್ನೂ ಕಾಯದೆ ಅಂದೇ ಮಂಡಳಿಗೆ ತಿಳಿಸಿ, 1098ಕ್ಕೆ ಕರೆ ಮಾಡಿ.

ಹಂತ 9: ಬಿಡುಗಡೆಗೆ ಮೊದಲೇ ಶಾಲೆಯ ಸಿದ್ಧತೆ

ಬಿಡುಗಡೆಯ ಆದೇಶ ಒಂದೊಂದು ಸಲ ತಟ್ಟನೆ ಬರುತ್ತದೆ. ಮಗುವಿನ ಜೊತೆ ಅವನ ಬಟ್ಟೆ ಬರುತ್ತದೆ, ಪರೀಕ್ಷಾ ವರದಿ, ಪಾಲನಾ ಯೋಜನೆ, ಅಭ್ಯಾಸದ ಹಾಳೆಗಳು ಅಲ್ಲೇ ಉಳಿಯುತ್ತವೆ. ಆಮೇಲೆ ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಿಸಬೇಕಾಗುತ್ತದೆ. ಆದ್ದರಿಂದ ವೈದ್ಯಕೀಯ ಮತ್ತು ಕಲಿಕಾ ವರದಿಗಳ ಪ್ರತಿಯನ್ನು ಅವು ಬಂದ ವಾರವೇ ಕೇಳಿ ಪಡೆಯಿರಿ.

ಶಾಲೆ ಹೆಸರು ತೆಗೆದುಹಾಕಿದೆಯೇ? ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಕಲಂ 16 ಹೇಳುತ್ತದೆ. ದೊಡ್ಡ ಮಕ್ಕಳಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಾಣಿ. ವಿಚಾರಣೆಯ ಕೊನೆಯಲ್ಲಿ ಮಂಡಳಿ ಕೊಡುವ ಆದೇಶದಲ್ಲಿ ಶಾಲೆಗೆ, ವೃತ್ತಿ ತರಬೇತಿಗೆ, ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕೆಂದು ಸೇರಿಸಲು ಬಾಲ ನ್ಯಾಯ ಕಾಯ್ದೆಯ ಕಲಂ 18ರಲ್ಲಿ ಅವಕಾಶವಿದೆ. ವಿಶೇಷ ಶಿಕ್ಷಕರ ನೆರವನ್ನೂ ಹೆಸರಿಸಿ ಬರೆಸಲು ವಕೀಲರಿಗೆ ಹೇಳಿ.

ಹಳೆಯ ಪ್ರಕರಣ ಶಾಲೆ ಸೇರಲು ಅಡ್ಡಿಯಾಗಬಾರದು. ಬಾಲ ನ್ಯಾಯ ಕಾಯ್ದೆಯಡಿ ತೀರ್ಮಾನವಾದ ಮಗುವಿಗೆ ಆ ಕಾರಣದಿಂದ ಯಾವ ಅನರ್ಹತೆಯೂ ಬರುವುದಿಲ್ಲ ಎನ್ನುತ್ತದೆ ಕಲಂ 24. 16 ದಾಟಿದ್ದು, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥ ಎನಿಸಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕೆಂದು ಪೊಲೀಸರು ಕೊಡುವಂತಿಲ್ಲ. ಪ್ರವೇಶ ಅರ್ಜಿಯಲ್ಲಿ ಕೇಳದ ವಿವರವನ್ನು ನೀವಾಗಿ ಬರೆಯಬೇಡಿ.

ಇನ್ನು 18 ತುಂಬುವ ಮಕ್ಕಳು. ವಿಚಾರಣೆ ನಡೆಯುವಾಗ 18 ದಾಟಿದರೂ ಕಲಂ 5ರಂತೆ ಅವರನ್ನು ಮಗುವೆಂದೇ ನೋಡಲಾಗುತ್ತದೆ, ಸಂಸ್ಥೆಯ ಸೇವೆಗಳನ್ನು ಕೇಳುವುದನ್ನು ನಿಲ್ಲಿಸಬೇಡಿ. ಆದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 31ರ ಉಚಿತ ಶಿಕ್ಷಣ 18ಕ್ಕೆ ಮುಗಿಯುತ್ತದೆ, ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಮರುಪರೀಕ್ಷೆಯೂ ಆಗಲೇ ಬರಬಹುದು. ಹುಟ್ಟುಹಬ್ಬಕ್ಕೆ ಆರು ತಿಂಗಳು ಇರುವಾಗಲೇ ಎನ್‌ಐಒಎಸ್ ನೋಂದಣಿ ಮುಗಿಸಿ, ಆಸ್ಪತ್ರೆಯ ದಿನಾಂಕ ಪಡೆಯಿರಿ. ಸಂಸ್ಥೆಯಿಂದ ಹೊರಬೀಳುವ 18 ದಾಟಿದವರಿಗೆ ಬಾಲ ನ್ಯಾಯ ಕಾಯ್ದೆಯ ಕಲಂ 46ರಡಿ ಅನುಪಾಲನೆಯ, ಅಂದರೆ ಹೊರಬಂದ ಮೇಲಿನ ಆರೈಕೆಯ, ಹಣಕಾಸು ನೆರವಿಗೆ ಅವಕಾಶವಿದೆ. ಆ ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ಬಿಡುಗಡೆಯ ದಿನಕ್ಕೆ ಮೊದಲೇ ಕೊಡಿ.